ಎಷ್ಟು ಬಿಗಿದರೆ ಸಾಕು: ಪೂರ್ವ ಬೆಂಗಳೂರಿನ ಇಂಜಿನ್ ಕಸುಬಿನ ಒಂದು ಚರಿತ್ರೆ

ಬಾಣಸವಾಡಿಯ ರೈಲು ನಿಲ್ದಾಣವನ್ನು ನಡುವಿಗಿಟ್ಟು ಸುತ್ತಲೂ ಎಂಟು ಕಿಲೋಮೀಟರಿನ ಒಂದು ವೃತ್ತ ಎಳೆದರೆ, ಇಂಜಿನ್ ಬಿಚ್ಚಿ ಕಟ್ಟುವ ಕಸುಬಿನ ಎರಡು ಪರಂಪರೆಗಳು ಅದರೊಳಗೆ ಸಿಗುತ್ತವೆ. ಒಂದು, ಶಿವಾಜಿನಗರದ ಗುಜರಿ ಸಾಲು ಮತ್ತು ಹಲಸೂರಿನಿಂದ ಬಾಣಸವಾಡಿ ಮುಖ್ಯರಸ್ತೆಯವರೆಗೆ ಹಬ್ಬಿದ ಗ್ಯಾರೇಜುಗಳದು. ಇನ್ನೊಂದು, ಕಾಂಪೌಂಡು ಗೋಡೆಯ ಒಳಗಿನದು: ವಿಮಾನಪುರದ ಎಚ್‌ಎಎಲ್, ಸುರಂಜನ್ ದಾಸ್ ರಸ್ತೆಯಲ್ಲಿರುವ ಅದರ ಇಂಜಿನ್ ವಿಭಾಗ, ಹಲಸೂರಿನ ಸೇನಾ ವರ್ಕ್‌ಶಾಪು, ಕೃಷ್ಣರಾಜಪುರದ ಡೀಸೆಲ್ ಲೋಕೋ ಶೆಡ್ಡು. ಹಳೆಯ ಕಾರು, ಹಳೆಯ ಬೈಕು ಇಟ್ಟುಕೊಂಡವರ ನಡುವೆ ಈಗಲೂ ಓಡಾಡುವ ಒಂದು ಮಾತಿದೆ: ಟಾರ್ಕ್ ರೆಂಚ್ (ಬಿಗಿತವನ್ನು ಅಳೆದು ತೋರಿಸುವ ಪಾನಾ) ಏನಿದ್ದರೂ ಹೊಸ ಗಾಡಿಗೆ, ಶೋರೂಮಿಗೆ, ಹಳೇ ಇಂಜಿನ್ನಿಗೆ ಉಸ್ತಾದನ ಕೈ ಅಂದಾಜೇ ಸರಿ. ಈ ಮಾತು ಪರಂಪರೆಯ ಹೆಸರು ಹೇಳಿಕೊಂಡು ನಿಂತಿದೆ. ಆದರೆ ಇದೇ ವೃತ್ತದೊಳಗಿನ ಚರಿತ್ರೆ ನೋಡಿದರೆ ಅಳೆದು ಬಿಗಿಯುವ ಪದ್ಧತಿಗೂ ಇಲ್ಲಿ ಎಂಬತ್ತು ವರ್ಷ ತುಂಬಿದೆ. ಅದು ಫ್ಯಾಕ್ಟರಿ ಗೇಟು ದಾಟಿ ಗ್ಯಾರೇಜಿಗೆ ಬರದೆ ಹೋದದ್ದಕ್ಕೆ ಕೈಯ ಹಿರಿಮೆ ಕಾರಣವಲ್ಲ. ಬೆಲೆ, ಮ್ಯಾನ್ಯುಯಲ್ಲು ಮತ್ತು ಅಳತೆಯ ಗೊಂದಲ ಕಾರಣ. ಆ ಕಾರಣಗಳು ಈಗ ಉಳಿದಿಲ್ಲವಾದ್ದರಿಂದ ಅವುಗಳಿಂದ ಹುಟ್ಟಿದ ಅಭ್ಯಾಸವೂ ಉಳಿಯಬೇಕಿಲ್ಲ.

ಟಾರ್ಕ್ ರೆಂಚಿನ ಹುಟ್ಟಿನಿಂದ ಶುರು ಮಾಡೋಣ. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್, ಕೊಳವೆಗಳ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿದು ಮುರಿಯುವುದನ್ನು ತಪ್ಪಿಸಲು ಇಂಥದ್ದೊಂದನ್ನು ರೂಪಿಸಿದರು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಸಂಗತಿ. ಜಾರ್ಜ್ ಫೆಫರ್ಲಿ ಜೊತೆ ಅವರಿಗೆ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಅದೇ ದಶಕದಲ್ಲಿ ಕ್ರೈಸ್ಲರ್ ಕಾರು ಕಂಪನಿಯಿಂದ ಪರವಾನಗಿ ಪಡೆದ ಪಾಲ್ ಸ್ಟರ್ಟೆವಂಟ್, ಬಾಗುವ ಸರಳಿನ ತುದಿಯಲ್ಲಿ ಮುಳ್ಳು ಅಂಕಿ ತೋರಿಸುವ ಸರಳ ಮಾದರಿಯನ್ನು ಪೇಟೆಗೆ ತಂದರು. ಆಮೇಲೆ ಯುದ್ಧ ಬಂತು. ಇಂಗ್ಲೆಂಡಿನ ಬ್ಯಾನ್‌ಬರಿಯಲ್ಲಿ 1942ರಲ್ಲಿ ಶುರುವಾದ ನಾರ್‌ಬಾರ್ ಕಂಪನಿಗೆ ದಾರಿ ತೆರೆದದ್ದೇ ರೋಲ್ಸ್ ರಾಯ್ಸ್ ಮರ್ಲಿನ್ ವಿಮಾನ ಇಂಜಿನ್ನಿನ ಹೆಡ್ ಬೋಲ್ಟುಗಳನ್ನು ಬಿಗಿಯುವ ಕೆಲಸ. ಅಂದರೆ ಇಂದು ನಾವು ವಿಂಟೇಜ್ ಎಂದು ಕರೆಯುವ ಇಂಜಿನ್ನುಗಳೂ ಟಾರ್ಕ್ ರೆಂಚೂ ಒಂದೇ ಕಾಲದವು. 1940ರ ದಶಕದ ಇಂಜಿನ್ನಿಗೆ ಈ ಉಪಕರಣ ಹಿಡಿಯುವುದು ಹಳೆಯದಕ್ಕೆ ಹೊಸದನ್ನು ತೇಪೆ ಹಾಕಿದಂತಲ್ಲ. ಯುದ್ಧಕಾಲದ ವಿಲ್ಲೀಸ್ ಜೀಪನ್ನೇ ನೋಡಿ: ಅಮೆರಿಕನ್ ಸೈನ್ಯದ ಕೈಪಿಡಿ ಅದರ ಸಿಲಿಂಡರ್ ಹೆಡ್ಡಿಗೆ 60ರಿಂದ 75 ಫುಟ್-ಪೌಂಡಿನ ನಡುವೆ ಬಿಗಿತ ಹೇಳುತ್ತದೆ, ಬೋಲ್ಟಿಗೆ ಒಂದು, ನಟ್ಟಿಗೆ ಇನ್ನೊಂದು. ಸೈನ್ಯದ ಹರಾಜಿನಲ್ಲಿ ಬಿಕರಿಯಾಗಿ ಊರೂರು ಸೇರಿದ ಜೀಪುಗಳು ಅಂಕಿಯ ಸಮೇತ ಹುಟ್ಟಿದವು. ಅಂಕಿ ಬರೆದ ಪುಸ್ತಕ ಮಾತ್ರ ಜೊತೆಗೆ ಬರಲಿಲ್ಲ.

ಇನ್ನು ವಿಮಾನಪುರ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು (ಇಂದಿನ ಎಚ್‌ಎಎಲ್) ಹುಟ್ಟುಹಾಕಿದಾಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಅಲ್ಲಿ ಹಾರ್ಲೋ ತರಬೇತಿ ವಿಮಾನ ಜೋಡಣೆಯಾಗಿ ಹಾರಿತು. ಆದರೆ ಜಪಾನ್ ಬರ್ಮಾದ ಬಾಗಿಲಿಗೆ ಬಂದ ಮೇಲೆ ಹೊಸ ವಿಮಾನ ಕಟ್ಟುವುದಕ್ಕಿಂತ ಕೆಟ್ಟ ವಿಮಾನ ರಿಪೇರಿ ಮಾಡುವುದು ತುರ್ತಾಯಿತು. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಆಡಳಿತ ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕನ್ ಸೈನ್ಯದ ವಾಯುಪಡೆಯ ಕೈಗೆ ಹೋಗಿ 84ನೇ ಏರ್ ಡಿಪೋ ಆಯಿತು. ಬಾಂಬರುಗಳು, ಡಕೋಟಾಗಳು, ಕ್ಯಾಟಲೀನಾ ಎಂಬ ನೀರ ಮೇಲೆ ಇಳಿಯುವ ವಿಮಾನಗಳು ಇಲ್ಲಿಗೆ ಬಂದು ಇಂಜಿನ್ ಇಳಿಸಿಕೊಂಡು ರಿಪೇರಿಯಾಗಿ ಹೋದವು. ಸುತ್ತಲ ಹಳ್ಳಿಗಳಿಂದ, ದಂಡಿನ ಗಲ್ಲಿಗಳಿಂದ ಬಂದ ಸಾವಿರಾರು ಜನ ಅಲ್ಲಿ ಕೆಲಸಕ್ಕಿದ್ದರು. ಅವರ ಕೈಗೆ ಬಂದ ಇಂಜಿನ್ ಎಂಥದ್ದೆಂದು ಸ್ವಲ್ಪ ನಿಂತು ನೋಡಬೇಕು. ಡಕೋಟಾಕ್ಕೂ ಲಿಬರೇಟರ್ ಬಾಂಬರಿಗೂ ಹಾಕಿದ್ದ ಪ್ರ್ಯಾಟ್ ಅಂಡ್ ವಿಟ್ನಿ ಟ್ವಿನ್ ವಾಸ್ಪ್ ಇಂಜಿನ್ನಿಗೆ 14 ಸಿಲಿಂಡರು, ಏಳೇಳರ ಎರಡು ವರ್ತುಲ, ಒಟ್ಟು ಸುಮಾರು 30 ಲೀಟರು, 1,200 ಕುದುರೆ ಶಕ್ತಿ. ಕಾರಿನಲ್ಲಿ ಎಲ್ಲ ಸಿಲಿಂಡರಿಗೂ ಒಂದೇ ದಪ್ಪ ಬ್ಲಾಕು ಇದ್ದರೆ, ಇಲ್ಲಿ ಒಂದೊಂದು ಸಿಲಿಂಡರೂ ತನ್ನ ಬುಡದ ಸುತ್ತಿನ ಸ್ಟಡ್ಡುಗಳ ಮೇಲೆಯೇ ನಿಂತಿರುತ್ತದೆ. ಒಂದು ನಟ್ಟು ಸಡಿಲವಿದ್ದರೆ ಅದರ ಪಾಲಿನ ಹೊರೆ ಪಕ್ಕದ್ದಕ್ಕೆ ಬೀಳುತ್ತದೆ, ಪಕ್ಕದ್ದು ದಣಿದು ಮುರಿಯುತ್ತದೆ, ಕೊನೆಗೆ ಸಿಲಿಂಡರೇ ಕಿತ್ತು ಬರುತ್ತದೆ. ಹೀಗಾಗಿ ವಿಮಾನದ ಕೈಪಿಡಿಗಳು ಬಿಗಿತವನ್ನು ಇಂಚ್-ಪೌಂಡಿನಲ್ಲಿ ಕೊಡುತ್ತವೆ. ಫುಟ್-ಪೌಂಡಿನ ಹನ್ನೆರಡನೇ ಒಂದು ಪಾಲು. ಅಂಥ ಇಂಜಿನ್ನನ್ನು ಅಂದಾಜಿನ ಮೇಲೆ ಕಟ್ಟಲು ಯಾವ ಡಿಪೋವೂ ಒಪ್ಪುತ್ತಿರಲಿಲ್ಲ.

ಯುದ್ಧ ಮುಗಿದ ಮೇಲಿನ ಕತೆ ನನ್ನ ವಾದಕ್ಕೆ ಇನ್ನೂ ಬಲ ಕೊಡುತ್ತದೆ. ಕಾನ್ಪುರದಲ್ಲಿ ಮಿತ್ರಪಡೆಗಳು ಬಿಟ್ಟುಹೋದ ಲಿಬರೇಟರುಗಳು ಸಾಲಾಗಿ ಬಿದ್ದಿದ್ದವು. ಮತ್ತೆ ಹಾರಬಾರದೆಂದು ಅವನ್ನು ಬೇಕೆಂದೇ ಕೆಡಿಸಲಾಗಿತ್ತು. 1948ರಲ್ಲಿ ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರು ಬೇಕಾಯಿತು, ಕೊಳ್ಳಲು ಹಣವಿರಲಿಲ್ಲ. ಎಚ್‌ಎಎಲ್‌ನವರು ಆ ಗುಜರಿಯಿಂದಲೇ ಒಂದೊಂದನ್ನು ಹಾರುವಷ್ಟರ ಮಟ್ಟಿಗೆ ಎಬ್ಬಿಸಿದರು, ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಇಲ್ಲಿ ಪೂರ್ತಿ ರಿಪೇರಿಯಾಯಿತು. ಭಾರತೀಯ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಪ್ರಪಂಚದ ಬೇರೆ ಕಡೆ ಈ ವಿಮಾನ ಬಹುಪಾಲು ಕರಗಿ ಅಲ್ಯೂಮಿನಿಯಂ ಗಟ್ಟಿಯಾದ ಮೇಲೂ ಇಲ್ಲಿ ಉಳಿದಿತ್ತು. ಹಾಗಾಗಿ ಇಂಗ್ಲೆಂಡಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂ, ಅಮೆರಿಕದ ಪಿಮಾ ಮ್ಯೂಸಿಯಂಗಳಲ್ಲಿ ಇಂದು ನಿಂತಿರುವ ಲಿಬರೇಟರುಗಳು ಭಾರತದಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಮತ್ತೆ ಹಾರುವಂತೆ ಮಾಡಿದ ಲಿಬರೇಟರೂ ಭಾರತೀಯ ವಾಯುಪಡೆಯದೇ ಆಗಿತ್ತು. ಕೆಟ್ಟು ಬಿದ್ದ ಹಳೆಯ ಇಂಜಿನ್ನನ್ನು ಬಿಚ್ಚಿ, ತೊಳೆದು, ಸವೆದದ್ದು ಬದಲಿಸಿ, ಪುಸ್ತಕದ ಅಂಕಿಗೆ ಬಿಗಿದು ಮತ್ತೆ ನಡೆಸುವುದಕ್ಕೆ ವಿಂಟೇಜ್ ರಿಪೇರಿ ಎನ್ನುವುದಾದರೆ, ಅದರ ಅತಿ ದೊಡ್ಡ ಉದಾಹರಣೆ ನಮ್ಮ ಪೂರ್ವ ಬೆಂಗಳೂರಿನದು, ಅದೂ ವಿಂಟೇಜ್ ಎಂಬ ಶೋಕಿ ಈ ಊರಿಗೆ ಕಾಲಿಡುವ ಎಷ್ಟೋ ಮುಂಚೆ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ಯಾಕಿಷ್ಟು ಕಡಿಮೆ ಎಂಬುದು ನನಗೆ ಬೇಸರದ ವಿಷಯ.

1957ರಲ್ಲಿ ಎಚ್‌ಎಎಲ್ ಇಂಜಿನ್ ವಿಭಾಗ ತೆರೆದು ನ್ಯಾಟ್ ಯುದ್ಧವಿಮಾನದ ಆರ್ಫಿಯಸ್ ಜೆಟ್ ಇಂಜಿನ್ ತಯಾರಿಕೆಗೆ ಇಳಿದಾಗ ಈ ಶಿಸ್ತು ಇನ್ನೂ ಗಟ್ಟಿಯಾಯಿತು. ವಿಮಾನದ ಕೆಲಸದಲ್ಲಿ ಬಿಗಿದವನ ಮಾತೊಂದೇ ಸಾಲದು. ಬಿಗಿದದ್ದನ್ನು ಇನ್ನೊಬ್ಬ ನೋಡಿ ಸಹಿ ಹಾಕಬೇಕು, ಬಿಗಿದ ರೆಂಚನ್ನು ಯಾವಾಗ ಪರೀಕ್ಷಿಸಿದ್ದು ಎಂಬುದಕ್ಕೂ ದಾಖಲೆ ಇರಬೇಕು. ಬಿಗಿತ ಎಂಬುದು ಒಬ್ಬನ ತೋಳಿನಿಂದ ಕಾಗದಕ್ಕೆ ಬಂದದ್ದು ಹೀಗೆ. ಕೈ ಅಂದಾಜು ಉಸ್ತಾದನ ಜೊತೆಗೇ ಮಣ್ಣಾಗುತ್ತದೆ. ಅಂಕಿ ಶಿಷ್ಯನಿಗೆ ಮೊದಲ ದಿನವೇ ಸಿಗುತ್ತದೆ. 1961ರ ಅಪ್ರೆಂಟಿಸ್ ಕಾಯಿದೆ ಬಂದ ಮೇಲೆ ಈ ಕಾರ್ಖಾನೆಗಳಲ್ಲಿ ತರಬೇತಿ ಪಡೆದು, ಅಲ್ಲೇ ಕಾಯಂ ಆಗದೆ ಹೊರಗೆ ಬಂದ ಹುಡುಗರು ಈ ಸುತ್ತಲಿನ ಲೇತ್ ಶಾಪು, ಬೋರಿಂಗ್ ಶಾಪುಗಳಿಗೆ ಸೇರಿದರು. ಮೈಕ್ರೋಮೀಟರ್ ಅವರ ಜೊತೆ ಹೊರಗೆ ಬಂತು. ಬೋರಿಂಗ್ ಶಾಪಿನಲ್ಲಿ ಸಿಲಿಂಡರಿನ ಸವೆತವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಅಳೆಯುವುದು ಇಂದಿಗೂ ಸಾಮಾನ್ಯ ಸಂಗತಿ. ಅದೇ ಇಂಜಿನ್ ಗ್ಯಾರೇಜಿಗೆ ವಾಪಸು ಬಂದು ಹೆಡ್ ಕೂರಿಸುವಾಗ ಮಾತ್ರ ಲೆಕ್ಕ ಮಾಯ. ಸಿಲಿಂಡರಿಗೆ ಅಳತೆ ಬೇಕು, ಅದರ ಮೇಲಿನ ನಟ್ಟಿಗೆ ಬೇಡ ಎಂಬ ಈ ವಿಚಿತ್ರ ಎಲ್ಲಿಂದ ಬಂತು?

ಮೊದಲ ಕಾರಣ ದುಡ್ಡು. 1991ರ ತನಕ ಹೊರದೇಶದ ಉಪಕರಣ ತರಿಸಲು ಇಂಪೋರ್ಟ್ ಲೈಸೆನ್ಸಿನ ಕಾಟ. ಸಣ್ಣ ಗ್ಯಾರೇಜಿನವನು ಒಂದು ಟಾರ್ಕ್ ರೆಂಚಿಗೆ ಕೊಡಬೇಕಾದ ಹಣದಲ್ಲಿ ಪಾನಾಗಳ ಸೆಟ್ಟುಗಳನ್ನೇ ಕೊಳ್ಳಬಹುದಿತ್ತು. ಎರಡನೆಯದು ಪುಸ್ತಕ. ಕೈಪಿಡಿ ಕಂಪನಿಯ ಡೀಲರನ ಬೀರುವಿನಲ್ಲಿತ್ತು, ಅದೂ ಇಂಗ್ಲಿಷಿನಲ್ಲಿ. ಮೂರನೆಯದರ ಬಗ್ಗೆ ಮಾತಾಡುವವರು ಕಡಿಮೆ, ಆದರೆ ನನ್ನ ಮಟ್ಟಿಗೆ ಅದೇ ಮುಖ್ಯ: ಅಳತೆಗಳ ಗೊಂದಲ. ಭಾರತ 1956ರ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಗೆ ಹೊರಳಿತು. ರಸ್ತೆಯ ಮೇಲಿನ ಇಂಜಿನ್ನುಗಳು ಹೊರಳಲಿಲ್ಲ. ಅಂಬಾಸಿಡರಿನ ಬ್ರಿಟಿಷ್ ಮೂಲದ ಇಂಜಿನ್ನಿಗೆ ಫುಟ್-ಪೌಂಡು, ಫಿಯೆಟ್ಟಿಗೆ ಕೆಜಿ-ಮೀಟರು, ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ 1961ರಿಂದ ತಯಾರಿಸಿದ ಝೆಕ್ ಮೂಲದ ಬೈಕಿಗೂ ಮೆಟ್ರಿಕ್, ಮುಂದೆ ಬಂದ ಗಾಡಿಗಳಿಗೆ ನ್ಯೂಟನ್-ಮೀಟರು. ಒಂದೇ ಗ್ಯಾರೇಜಿನಲ್ಲಿ ಮೂರು ಭಾಷೆಯ ಅಂಕಿ. 40 ಫುಟ್-ಪೌಂಡು ಎಂದರೆ 54 ನ್ಯೂಟನ್-ಮೀಟರು. ಮಾರಿಸ್ ಮೈನರ್ ಹೆಡ್ಡಿಗೆ ಹೇಳಿರುವ ಆ 40ನ್ನು ಯಾರಾದರೂ 40 ನ್ಯೂಟನ್-ಮೀಟರ್ ಎಂದು ಓದಿಕೊಂಡರೆ ಬಿಗಿತ ಕಾಲುಪಾಲು ಕಮ್ಮಿಯಾಗಿ ಗ್ಯಾಸ್ಕೆಟ್ ಸೋರುತ್ತದೆ. ತಿರುಗಾಮುರುಗಾ ಓದಿದರೆ ಮೂರನೇ ಒಂದಕ್ಕಿಂತ ಹೆಚ್ಚು ಬಿಗಿದು ಸ್ಟಡ್ಡು ಕಿತ್ತುಬರುತ್ತದೆ. ಅಂಕಿ ನಂಬಿ ಒಮ್ಮೆ ಹೀಗೆ ಕೆಟ್ಟರೆ ದೂರು ಉಪಕರಣದ ಮೇಲೆ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ಕೈಯನ್ನೇ ನಂಬಿದ ಮೇಸ್ತ್ರಿಗಳು ಅವಿವೇಕಿಗಳಲ್ಲ, ಸಿಕ್ಕ ಪರಿಸ್ಥಿತಿಯಲ್ಲಿ ಸರಿಯಾದದ್ದನ್ನೇ ಆರಿಸಿಕೊಂಡರು.

ಹಾಗಿದ್ದರೆ ಅವರು ಕಟ್ಟಿದ ಇಂಜಿನ್ನುಗಳು ಲಕ್ಷ ಕಿಲೋಮೀಟರು ಓಡಲಿಲ್ಲವೇ ಎಂದು ಕೇಳಬಹುದು. ಓಡಿದವು. ಯಾವ ಇಂಜಿನ್ನುಗಳು ಎಂಬುದನ್ನೂ ನೋಡಬೇಕು. ಅಂಬಾಸಿಡರು, ಜೀಪುಗಳ ಬ್ಲಾಕೂ ಹೆಡ್ಡೂ ದಪ್ಪ ಎರಕದ ಕಬ್ಬಿಣ, ನಟ್ಟುಗಳು ದೊಡ್ಡವು. 54 ನ್ಯೂಟನ್-ಮೀಟರಿಗೆ ಕಾಲು ಮೀಟರ್ ಉದ್ದದ ಪಾನಾದ ತುದಿಯಲ್ಲಿ 22 ಕಿಲೋದಷ್ಟು ಎಳೆಯಬೇಕು. ಇದು ಬಲವಾದ ಕೈಯೊಂದರ ಸಹಜ ಎಳೆತದ ಹತ್ತಿರವೇ ಇದೆ. ಕೈ ಸ್ವಲ್ಪ ಹೆಚ್ಚು ಕಮ್ಮಿಯಾದರೂ ಕಬ್ಬಿಣ ತಡೆದುಕೊಳ್ಳುತ್ತದೆ. ಜಾವಾ, ಅದೇ ಕಾರ್ಖಾನೆಯ ಯೆಜ್ಡಿ ಬೈಕುಗಳಿಗೆ ಬನ್ನಿ. ಕ್ರ್ಯಾಂಕ್‌ಕೇಸು ಅಲ್ಯೂಮಿನಿಯಂ, ಅದನ್ನು ಕೂಡಿಸುವ ಸ್ಕ್ರೂಗಳು 6 ಮಿಲಿಮೀಟರಿನವು. ಅಲ್ಯೂಮಿನಿಯಮ್ಮಿನಲ್ಲಿ ಕೂರುವ ಅಂಥ ಸ್ಕ್ರೂಗೆ 10 ನ್ಯೂಟನ್-ಮೀಟರ್ ಅಂದರೇ ಜಾಸ್ತಿ. 15 ಸೆಂಟಿಮೀಟರಿನ ಹಿಡಿಯ ಮೇಲೆ ಅದಕ್ಕೆ ಬೇಕಾದ ಎಳೆತ ಏಳು ಕಿಲೋಗೂ ಕಮ್ಮಿ. ದಿನವಿಡೀ 22 ಕಿಲೋ ಎಳೆದು ಪಳಗಿದ ಕೈಗೆ ಏಳು ಕಿಲೋ ಬಿಗಿ ಅನ್ನಿಸುವುದೇ ಇಲ್ಲ. ಥ್ರೆಡ್ ಹೋದ ಕ್ರ್ಯಾಂಕ್‌ಕೇಸುಗಳು, ಅವಕ್ಕೆ ಮತ್ತೆ ಡ್ರಿಲ್ ಹಾಕಿ ತಂತಿಸುರುಳಿ ಕೂರಿಸಿದ ರಿಪೇರಿಗಳು ಹಳೆಯ ಜಾವಾಗಳಲ್ಲಿ ಅಷ್ಟೊಂದು ಯಾಕೆ ಸಿಗುತ್ತವೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ್ದರಿಂದ ಆ ಕೇಸು ಕೆಟ್ಟರೆ ಹೊಸದು ಕಾರ್ಖಾನೆಯಿಂದ ಬರುವುದಿಲ್ಲ; ಗುಜರಿಯಲ್ಲಿ ಸಿಗುವುದೂ ಆಗಲೇ ಯಾರೋ ಬಿಗಿದು ಕೆಡಿಸಿದ್ದೇ ಆಗಿರುತ್ತದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿ, ಅದನ್ನು ಎತ್ತುವವರು ಕೆಲಸ ಬಲ್ಲವರು. ಕೈಪಿಡಿಯ ಅಂಕಿ ಹೊಸ ಥ್ರೆಡ್ಡಿಗೆ. ಅರವತ್ತು ವರ್ಷ ಸವೆದು ತುಕ್ಕು ತಿಂದ ಸ್ಟಡ್ಡಿಗೆ ಅದೇ ಅಂಕಿ ಹಾಕಿದರೆ ಸುಳ್ಳಾಗುವುದಿಲ್ಲವೇ? ಆಗುತ್ತದೆ. ಟಾರ್ಕ್ ರೆಂಚ್ ಅಳೆಯುವುದು ತಿರುಗಿಸುವ ಬಲವನ್ನು. ನಮಗೆ ಬೇಕಿರುವುದು ಸ್ಟಡ್ಡಿನಲ್ಲಿ ಹುಟ್ಟುವ ಎಳೆತ. ನಾವು ಹಾಕುವ ಬಲದಲ್ಲಿ ಹೆಚ್ಚುಕಮ್ಮಿ ಅರ್ಧ ನಟ್ಟಿನ ಅಡಿಯ ಉಜ್ಜಾಟಕ್ಕೆ, ಶೇಕಡಾ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗಿ, ಸ್ಟಡ್ಡನ್ನು ಎಳೆಯಲು ಉಳಿಯುವುದು ಶೇಕಡಾ 10ರಷ್ಟು ಮಾತ್ರ. ಉಜ್ಜಾಟ ಸ್ವಲ್ಪ ಬದಲಾದರೂ ಆ ಹತ್ತು ಏರುಪೇರಾಗುತ್ತದೆ. ಒಣ ಥ್ರೆಡ್ಡಿಗೆ ಹೇಳಿದ ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್ಡಿಗೆ ಹಾಕಿದರೆ ಎಳೆತ ಮೂರನೇ ಒಂದರಷ್ಟು ಹೆಚ್ಚಾಗಬಹುದು. ತುಕ್ಕು ಹಿಡಿದದ್ದರಲ್ಲಿ ಅಂಕಿ ತಲುಪಿದರೂ ಹೆಡ್ಡು ಸರಿಯಾಗಿ ಒತ್ತಿ ಕೂತಿರುವುದಿಲ್ಲ. ಆದರೆ ಇದರಿಂದ ಏನು ತಿಳಿಯಬೇಕು? ತುಕ್ಕಿನ ಉಜ್ಜಾಟ ರೆಂಚಿಗೆ ಮೋಸ ಮಾಡುವಂತೆಯೇ ಕೈಗೂ ಮೋಸ ಮಾಡುತ್ತದೆ, ಕೈಗೆ ತಿಳಿಯುವುದೂ ತಿರುಗಿಸುವ ಬಲವೇ. ವ್ಯತ್ಯಾಸವಿಷ್ಟೆ: ರೆಂಚ್ ಹಿಡಿದವನಿಗೆ ಥ್ರೆಡ್ ಶುಚಿ ಮಾಡಲೇಬೇಕೆಂಬ ಒತ್ತಾಯ ಬರುತ್ತದೆ. ತಂತಿ ಬ್ರಶ್ಶಿನಿಂದ ಸ್ಟಡ್ಡು ಉಜ್ಜಿ, ಟ್ಯಾಪು ಹಾಯಿಸಿ ತೂತಿನ ಕಸ ತೆಗೆದು, ತಳದಲ್ಲಿ ಎಣ್ಣೆ ನಿಲ್ಲದಂತೆ ಗಾಳಿ ಹೊಡೆದು, ಕೈಪಿಡಿ ಒಣ ಎಂದಿದೆಯೋ ಎಣ್ಣೆ ಎಂದಿದೆಯೋ ನೋಡಿ, ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿಯಬೇಕು. ನಟ್ಟು ಬಿಗಿಯುತ್ತಾ ಹೋದ ಹಾಗೆ ಬಲ ಏರದೆ ಮೆತ್ತಗೆ ತಿರುಗತೊಡಗಿದರೆ ಥ್ರೆಡ್ ಹೋಗುತ್ತಿದೆ ಎಂದು ಅರ್ಥ, ಇದನ್ನು, ಹೊಂದಿಸಿದ ಅಂಕಿ ತಲುಪಿದಾಗ ಟಕ್ ಎನ್ನುವ ಕ್ಲಿಕ್ ರೆಂಚ್ ಹೇಳುವುದಿಲ್ಲ, ಪಳಗಿದ ಕೈ ಹೇಳುತ್ತದೆ. ಶಿವಾಜಿನಗರದ ಕೈ ಇಲ್ಲಿ ಬೇಕೇ ಬೇಕು. ಆ ಕೈಯಲ್ಲಿ ರೆಂಚ್ ಇರಲಿ ಎಂಬುದಷ್ಟೇ ನನ್ನ ವಾದ.

1930ಕ್ಕಿಂತ ಹಿಂದಿನ ಗಾಡಿಗಳಿಗೆ ಅಂಕಿಯೇ ಇಲ್ಲವಲ್ಲ ಎನ್ನುವವರಿಗೂ ಉತ್ತರ ಕಷ್ಟವಲ್ಲ. ಬೋಲ್ಟಿನ ದಪ್ಪ, ಥ್ರೆಡ್ಡಿನ ಜಾತಿ, ಉಕ್ಕಿನ ದರ್ಜೆ ತಿಳಿದರೆ ಕೋಷ್ಟಕ ನೋಡಿ ಸುರಕ್ಷಿತ ಅಂಕಿ ಆರಿಸಬಹುದು. ದರ್ಜೆ ಗೊತ್ತಿಲ್ಲದ ಹಳೆಯ ಬೋಲ್ಟಿಗೆ ಕೆಳದರ್ಜೆಯ ಅಂಕಿಯನ್ನೇ ಹಿಡಿಯಬೇಕು. ಕನೆಕ್ಟಿಂಗ್ ರಾಡಿನ ಬೋಲ್ಟಿನ ಎರಡೂ ತುದಿ ಮೈಕ್ರೋಮೀಟರಿಗೆ ಸಿಗುವಂತಿದ್ದರೆ ಬಿಗಿಯುವ ಮೊದಲೂ ಆಮೇಲೂ ಉದ್ದ ಅಳೆದು ಎಷ್ಟು ಹಿಗ್ಗಿತೆಂದು ನೋಡುವುದು ಎಲ್ಲಕ್ಕಿಂತ ನಂಬಿಕಸ್ಥ. ಮುಖ್ಯವಾದದ್ದು ಸಮತೆ. ಹತ್ತು ಸ್ಟಡ್ಡುಗಳ ಹೆಡ್ಡಿನಲ್ಲಿ ಅಂಕಿ ಪೂರ್ತಿ ಸರಿಯಿಲ್ಲದಿದ್ದರೂ ಹತ್ತಕ್ಕೂ ಒಂದೇ ಅಂಕಿ ಇದ್ದರೆ ಹೆಡ್ಡು ಬಾಗುವುದಿಲ್ಲ. ಸಂಜೆ ಹೊತ್ತಿಗೆ ದಣಿಯುವ ಕೈ ಮೊದಲ ನಟ್ಟಿಗೂ ಹತ್ತನೆಯದಕ್ಕೂ ಒಂದೇ ಬಲ ಹಾಕುವುದು ಬಹಳ ಕಷ್ಟ.

ಕೊಳ್ಳುವ ಮಾತಿಗೆ ಬಂದರೆ, ಒಂದೇ ದೊಡ್ಡ ರೆಂಚ್ ತಂದು ಎಲ್ಲಕ್ಕೂ ಬಳಸುವುದೇ ಹೆಚ್ಚಾಗಿ ಆಗುವ ತಪ್ಪು. ಯಾವ ರೆಂಚೂ ತನ್ನ ಶಕ್ತಿಯ ಕೆಳಗಿನ ಐದನೇ ಒಂದು ಪಾಲಿನಲ್ಲಿ ನಂಬಿಕೆಗೆ ಯೋಗ್ಯವಲ್ಲ. 200 ನ್ಯೂಟನ್-ಮೀಟರಿನದರಿಂದ ಜಾವಾದ 6 ಮಿಲಿಮೀಟರ್ ಸ್ಕ್ರೂ ಬಿಗಿಯುವುದು ಅಳತೆಯೇ ಅಲ್ಲ. ಕಾರಿನ ಹೆಡ್ಡಿಗೆ ಅರ್ಧ ಇಂಚಿನ ಡ್ರೈವಿನದೊಂದು, ಬೈಕಿನ ಕೇಸಿಗೆ 5ರಿಂದ 25 ನ್ಯೂಟನ್-ಮೀಟರಿನೊಳಗಿನ ಸಣ್ಣದೊಂದು, ಹೀಗೆ ಎರಡಾದರೂ ಬೇಕು. ಮಾದರಿಗಳಲ್ಲಿ ನನ್ನ ಒಲವು ಮುಳ್ಳಿನ ಸರಳ ರೆಂಚಿನ ಕಡೆ. ಅದರಲ್ಲಿ ಸ್ಪ್ರಿಂಗಿಲ್ಲ, ಹಲ್ಲಿಲ್ಲ. ಮುಳ್ಳು ಸೊನ್ನೆಗೆ ಬಂದು ನಿಂತರೆ ಸರಿಯಿದೆ ಎಂದರ್ಥ, ಬಾರದಿದ್ದರೆ ಮುಳ್ಳನ್ನೇ ಬಗ್ಗಿಸಿ ಸೊನ್ನೆಗೆ ತಂದುಕೊಳ್ಳಬಹುದು. ನೇರ ಮೇಲಿಂದ ನೋಡಿ ಓದಬೇಕು, ಓರೆಯಿಂದ ನೋಡಿದರೆ ತಪ್ಪುತ್ತದೆ. ಬಾನೆಟ್ಟಿನಡಿಯ ಕತ್ತಲೆ ಮೂಲೆಗಳಿಗೆ ಕ್ಲಿಕ್ ಮಾದರಿಯೇ ಅನುಕೂಲ, ಆದರೆ ಅದು ಆರೈಕೆ ಬೇಡುತ್ತದೆ: ಟಕ್ ಎಂದ ತಕ್ಷಣ ನಿಲ್ಲಿಸಬೇಕು, ಖಾತ್ರಿಗೆಂದು ಇನ್ನೊಮ್ಮೆ ಟಕ್ ಅನ್ನಿಸಬಾರದು, ಅದರಿಂದ ನಟ್ಟು ಸಡಿಲಿಸಬಾರದು, ಕೆಲಸ ಮುಗಿದ ಮೇಲೆ ಸ್ಪ್ರಿಂಗನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಇಡಬೇಕು. ಹಿಡಿಗೆ ಪೈಪು ತೊಡಿಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಹಲವು ರೆಂಚುಗಳಲ್ಲಿ ಕೈ ಹಿಡಿಯುವ ಜಾಗ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕೊನೆಯ ತಕರಾರು ಪರೀಕ್ಷೆಯದು. ಕೈಯಲ್ಲಿ ಹಿಡಿಯುವ ಟಾರ್ಕ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6789, ದೊಡ್ಡ ರೆಂಚುಗಳಿಗೆ ಶೇಕಡಾ 4ರ ಒಳಗಿನ ತಪ್ಪನ್ನು ಮಾತ್ರ ಒಪ್ಪುತ್ತದೆ. ವರ್ಷಕ್ಕೊಮ್ಮೆ ಅಥವಾ 5,000 ಬಾರಿ ಬಿಗಿದ ಮೇಲೆ ಮತ್ತೆ ಪರೀಕ್ಷಿಸಿ ಎನ್ನುತ್ತದೆ. ಎಚ್‌ಎಎಲ್‌ಗೆ ಇದು ನಿತ್ಯದ ಕೆಲಸ. ಎರಡು ಬೈಕು ಇಟ್ಟುಕೊಂಡ ಬಾಣಸವಾಡಿಯ ಹವ್ಯಾಸಿ ಅಥವಾ ಒಬ್ಬಂಟಿ ಮೇಸ್ತ್ರಿ ವರ್ಷವರ್ಷ ಪೀಣ್ಯದ ಲ್ಯಾಬಿಗೆ ಅಲೆಯಬೇಕೇ? ಅಷ್ಟು ದೂರ ಹೋಗದೆಯೂ ದೊಡ್ಡ ತಪ್ಪನ್ನು ಹಿಡಿಯಬಹುದು. ರೆಂಚಿನ ಚೌಕ ತುದಿಯನ್ನು ವೈಸಿಗೆ ಕಚ್ಚಿಸಿ ಹಿಡಿ ನೆಲಕ್ಕೆ ಸಮನಾಗಿ ಅಡ್ಡ ನಿಲ್ಲುವಂತೆ ಮಾಡಬೇಕು. ಚೌಕದ ನಡುವಿನಿಂದ ಸರಿಯಾಗಿ ಅರ್ಧ ಮೀಟರಿಗೆ ಗುರುತು ಹಾಕಿ, ಅಲ್ಲಿಂದ 10 ಕಿಲೋ ತೂಕ ತೂಗುಹಾಕಬೇಕು. ಹತ್ತು ಕಿಲೋದ ಭಾರ 98 ನ್ಯೂಟನ್, ಅರ್ಧ ಮೀಟರಿಗೆ 49 ನ್ಯೂಟನ್-ಮೀಟರು. ರೆಂಚಿನ ಸ್ವಂತ ತೂಕವೂ ಒಂದೆರಡು ಸೇರಿಸುತ್ತದೆ. ರೆಂಚನ್ನು 45ಕ್ಕೆ ಇಟ್ಟು ತೂಕ ಬಿಟ್ಟರೆ ಟಕ್ ಅನ್ನಬೇಕು, 55ಕ್ಕೆ ಇಟ್ಟರೆ ಅನ್ನಬಾರದು. ಹಿಡಿ ಅಷ್ಟು ಉದ್ದವಿಲ್ಲದಿದ್ದರೆ 40 ಸೆಂಟಿಮೀಟರಿಗೆ ತೂಗುಹಾಕಿ, ಲೆಕ್ಕ 39ಕ್ಕೆ ಇಳಿಯುತ್ತದೆ. ತೂಕದ ಕಲ್ಲು ಮಾತ್ರ ನಂಬಿಕಸ್ಥವಾಗಿರಬೇಕು. ಜಿಮ್ಮಿನ ಡಂಬೆಲ್ಲು ಬೇಡ. ತೂಕ ಮತ್ತು ಅಳತೆ ಇಲಾಖೆಯವರು ಪರೀಕ್ಷಿಸಿ ಮುದ್ರೆ ಒತ್ತಿದ ದಿನಸಿ ಅಂಗಡಿಯ ಕಲ್ಲು ಸಿಕ್ಕರೆ ಅದೇ ಒಳ್ಳೆಯದು, ಮುದ್ರೆಯ ವರ್ಷ ನೋಡಿಕೊಂಡು ಬಳಸಬೇಕು. ಬಂದ ಫಲಿತಾಂಶವನ್ನು ತಾರೀಖಿನ ಸಮೇತ ರೆಂಚಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಬರೆದಿಟ್ಟರೆ, ಮುಂದಿನ ವರ್ಷ ಅದೇ ಕಲ್ಲಿಗೆ ಅದೇ ಉದ್ದದಲ್ಲಿ ಏನು ಬಂತೆಂದು ಹೋಲಿಸಬಹುದು. ಅಂಕಿ ಸರಿದಿದ್ದರೆ ಆಗ ಲ್ಯಾಬಿಗೆ ಕಳಿಸಿದರಾಯಿತು.